ಕುರ್ಚಿ ಬಿಟ್ಟೆದ್ದ ಕೋಚ್

2025ರ ಜನವರಿಯಲ್ಲಿ ಕೊಲರಾಡೋ ವಿಶ್ವವಿದ್ಯಾಲಯದ ಮಾಜಿ ಫುಟ್‌ಬಾಲ್ ಕೋಚ್ ಬಿಲ್ ಮೆಕಾರ್ಟ್ನಿ ತೀರಿಕೊಂಡಾಗ ಇಲ್ಲಿ ಕೊಲರಾಡೋದಲ್ಲಿ ಎಲ್ಲೆಲ್ಲೂ ಅವರದೇ ಮಾತು. ಸುದ್ದಿಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಬಂದ ಮೊದಲ ಉತ್ತರ: ‘ಹೆಂಡ್ತಿಗೋಸ್ಕರ ಅಂಥಾ ಕೆಲ್ಸ ಬಿಟ್ನಾ? ತಲೆ ಕೆಟ್ಟಿರ್ಬೇಕು.’ ಆ ಮಾತು ಚುಚ್ಚಿತು.

ಅಮೆರಿಕದ ಕಾಲೇಜು ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಕೋಚ್ ಅಂದರೆ ನಮ್ಮ ಪಿ.ಟಿ. ಮೇಷ್ಟ್ರ ಹಾಗಲ್ಲ. ಶನಿವಾರ ಪಂದ್ಯ, ಭಾನುವಾರ ಅದರ ವಿಡಿಯೋ ಹಿಂದೆ ಮುಂದೆ ಓಡಿಸಿ ತಪ್ಪು ಹುಡುಕುವುದು, ಸೋಮವಾರದಿಂದ ಮುಂದಿನ ಎದುರಾಳಿಗೆ ತಯಾರಿ. ಸೀಸನ್ ಮುಗಿದರೂ ಬಿಡುವಿಲ್ಲ. ಹೈಸ್ಕೂಲು ಹುಡುಗರ ಮನೆಗಳಿಗೇ ಹೋಗಿ, ಅಪ್ಪ ಅಮ್ಮನನ್ನು ಒಪ್ಪಿಸಿ ಕರೆತರಬೇಕು.

1982ರಲ್ಲಿ ಮೆಕಾರ್ಟ್ನಿ ಕೊಲರಾಡೋಗೆ ಬಂದರು. ಮೊದಲ ಮೂರು ವರ್ಷದ 33 ಪಂದ್ಯಗಳಲ್ಲಿ ಗೆದ್ದದ್ದು 7. 1985ರಲ್ಲಿ ವಿಶ್‌ಬೋನ್ ಪದ್ಧತಿಗೆ ಬದಲಾದರು: ದಾಳಿ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್ ಹಿಂದೆ ಮೂವರು ಓಟಗಾರರು, ಎದುರಿನವನ ಹೆಜ್ಜೆ ನೋಡಿ ಚೆಂಡು ಕೊಡಬೇಕೋ, ತಾನೇ ಓಡಬೇಕೋ, ಪಕ್ಕಕ್ಕೆ ಎಸೆಯಬೇಕೋ ಎಂದು ಆ ಕ್ಷಣದಲ್ಲೇ ತೀರ್ಮಾನ. ಆ ವರ್ಷ 7 ಗೆಲುವು. 1990ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ, ಜಾರ್ಜಿಯಾ ಟೆಕ್ ತಂಡದ ಜತೆ ಹಂಚಿಕೊಂಡದ್ದು. ಅದೇ ವರ್ಷ ಕ್ರೈಸ್ತ ಗಂಡಸರಿಗಾಗಿ ‘ಪ್ರಾಮಿಸ್ ಕೀಪರ್ಸ್’ ಎಂಬ ಸಂಘಟನೆ ಹುಟ್ಟುಹಾಕಿದರು. 1991ರ ಮೊದಲ ಸಮಾವೇಶಕ್ಕೆ ಸುಮಾರು 4,200 ಜನ. 1993ರಲ್ಲಿ ಅವರದೇ ತಂಡದ ಕ್ರೀಡಾಂಗಣ ಫೋಲ್ಸಮ್ ಫೀಲ್ಡ್‌ನಲ್ಲಿ 50,000. ಹೆಂಡತಿ ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಿ ಎಂಬುದೇ ಅಲ್ಲಿನ ಬೋಧನೆ.

ಬೋಧಿಸುತ್ತಿದ್ದವರ ಮನೆಯಲ್ಲೇ ಹೆಂಡತಿ ಲಿಂಡಿ ಒಳಗೊಳಗೇ ಕುಗ್ಗಿಹೋಗಿದ್ದರು. ಗಂಡನ ಗುಣ ತಿಳಿಯಬೇಕಾದರೆ ಹೆಂಡತಿಯ ಮುಖ ನೋಡಬೇಕು ಎಂದು ಚರ್ಚಿನಲ್ಲಿ ಒಬ್ಬ ಬೋಧಕರು ಹೇಳಿದಾಗ ಮೆಕಾರ್ಟ್ನಿ ತಿರುಗಿ ನೋಡಿದರು. ಕಂಡದ್ದು ನೋವು. 1994ರ ನವೆಂಬರಿನಲ್ಲಿ, ತಂಡ ಒಂದೇ ಒಂದು ಪಂದ್ಯ ಸೋತಿದ್ದ ಸೀಸನ್‌ನಲ್ಲಿ, ಕರಾರಿನ ಹತ್ತು ವರ್ಷ ಬಾಕಿ ಇರುವಾಗಲೇ ರಾಜೀನಾಮೆ ಘೋಷಿಸಿದರು. ಆಗ ಅವರಿಗೆ 54.

ನಮ್ಮಲ್ಲಿ ಕ್ರೀಡಾ ಸಂಸ್ಥೆಯ ಅಧ್ಯಕ್ಷರಿರಲಿ, ಸಹಕಾರ ಸಂಘದ ನಿರ್ದೇಶಕರಿರಲಿ, ಮನೆಯ ಕಾರಣಕ್ಕೆ ಕುರ್ಚಿ ಬಿಟ್ಟವರ ಹೆಸರು ತಟ್ಟನೆ ನೆನಪಿಗೆ ಬರುವುದಿಲ್ಲ. ಸನ್ಮಾನದ ದಿನ ಪೇಟ, ಶಾಲು, ಹಣ್ಣಿನ ಬುಟ್ಟಿ. ಕೊನೆಗೆ ‘ಶ್ರೀಮತಿಯವರ ಸಹಕಾರ’ ಎಂದು ಒಂದು ಸಾಲು. ಮಕ್ಕಳ ಜ್ವರ, ಅತ್ತೆಯ ಮಾತ್ರೆ, ಶಾಲೆಯ ಮೀಟಿಂಗು, ಎಲ್ಲವೂ ಆ ಒಂದು ಸಾಲಿನೊಳಗೆ. ನನಗೆ ಇದನ್ನು ಸಹಿಸಲಾಗುವುದಿಲ್ಲ.

ಮೆಕಾರ್ಟ್ನಿಯವರ ಎಲ್ಲವನ್ನೂ ಒಪ್ಪಲಾಗದು, ನಿಜ. 1990ರ ಅಕ್ಟೋಬರ್ 6ರಂದು ಮಿಸ್ಸೌರಿ ತಂಡದ ಎದುರು, ಟೈಮ್‌ಔಟ್ ಹೊತ್ತಿನಲ್ಲಿ ಮೈದಾನದ ಅಂಚಿನ ಸಿಬ್ಬಂದಿ, ಎಷ್ಟನೇ ಯತ್ನ ಎಂದು ತೋರಿಸುವ ಕೋಲಿನ ಮೇಲಿನ ಅಂಕಿ ಬದಲಿಸಲು ಮರೆತರು. ನಾಲ್ಕೇ ಯತ್ನ ಸಿಗಬೇಕಾದ ಕಡೆ ಕೊಲರಾಡೋಗೆ ಐದು ಸಿಕ್ಕಿತು, 33–31ರಲ್ಲಿ ಗೆದ್ದಿತು. ಅಂದು ಅವರು ದೂರಿದ್ದು ಜಾರುವ ಮೈದಾನವನ್ನು. ವಿಷಾದ ಹೇಳಿದ್ದು ಎಷ್ಟೋ ವರ್ಷದ ಮೇಲೆ. 1992ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ವೇದಿಕೆಯಲ್ಲೇ ನಿಂತು ಸಲಿಂಗಿಗಳನ್ನು ನೋಯಿಸುವ ಮಾತಾಡಿದ್ದು ತಪ್ಪೇ. ಕೋಚ್ ಕೆಲಸ ಬಿಟ್ಟ ಮೇಲೂ ಸಂಘಟನೆ ಅವರ ಸಮಯ ತಿಂದಿತು.

ಊರಲ್ಲೂ ಇಂಥವರು ಇಲ್ಲದಿಲ್ಲ. ಅಮ್ಮನಿಗೆ ಹುಷಾರಿಲ್ಲವೆಂದು ‘ಬಡ್ತಿ ಬೇಡ’ ಅಂತ ಬರೆದುಕೊಟ್ಟು, ಅದೇ ಬ್ಯಾಂಕಿನ ಅದೇ ಕೌಂಟರಿನಲ್ಲಿ ನಿವೃತ್ತರಾದ ಗುಮಾಸ್ತರಿದ್ದಾರೆ. ಅವರಿಗೂ ‘ತಲೆ ಕೆಟ್ಟಿದೆ’ ಅಂದವರು ನಾವೇ.