ಮೈದಾನ ನೋಡಿ ಕಾಲೇಜು ಸೇರಬೇಕಾ?

ರಾಜ್ಯ ಮಟ್ಟದಲ್ಲಿ ಆಡುವ ಹುಡುಗ ಅಥವಾ ಹುಡುಗಿ ಪಿಯುಸಿ ಮುಗಿಸಿದ ಮೇಲೆ ಯಾವ ಕಾಲೇಜು ಸೇರಬೇಕು? ಆಟಕ್ಕೆ ಅನುಕೂಲ ಮಾಡಿಕೊಡುವುದಾ, ಓದಿಗೆ ಮತ್ತು ಕೆಲಸಕ್ಕೆ ಹೆಸರಾದದ್ದಾ? ಒಂದು ಕಾಲದಲ್ಲಿ ಆಡಿದ್ದ ಬೆಂಗಳೂರಿನ ಇಬ್ಬರು ಇಲ್ಲಿ ಜಗಳ ಆಡಿದ್ದಾರೆ.

ಪರ: ಡಿಗ್ರಿ ಕಾಯುತ್ತದೆ, ಕಾಲು ಕಾಯುವುದಿಲ್ಲ

ನಾನು 400 ಮೀಟರ್ ಓಡುತ್ತಿದ್ದವಳು. ಈಗ ಬ್ಯಾಂಕಿನ ಕೌಂಟರಿನ ಹಿಂದೆ ಕೂತಿದ್ದೇನೆ. ಕ್ರೀಡಾ ಕೋಟಾದಲ್ಲಿ ಸಿಕ್ಕಿದ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ "ನಿಮಗೇನಮ್ಮ, ಹೇಳ್ತೀರಿ" ಅನ್ನಬಾರದು.

ಪಿಯುಸಿಯಲ್ಲಿ ನನಗೆ 81 ಪರ್ಸೆಂಟ್ ಬಂದಿತ್ತು. ಅಪ್ಪನಿಗೆ ನಾನೊಂದು ದೊಡ್ಡ ಹೆಸರಿನ ಕಾಲೇಜು ಸೇರಬೇಕು ಅಂತ ಆಸೆ. ಅಲ್ಲಿಗೂ ಹೋದೆವು. ಪ್ರಿನ್ಸಿಪಾಲರು ನನ್ನ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ "ವೆರಿ ಗುಡ್" ಅಂದರು. ಮುಂದಿನ ಮಾತೇ "ಆದ್ರೆ ಅಟೆಂಡೆನ್ಸ್ ವಿಷಯದಲ್ಲಿ ನಾವು ಬಹಳ ಸ್ಟ್ರಿಕ್ಟು". ಇನ್ನೊಂದು ಕಾಲೇಜಿನ ಪಿಡಿ ಸರ್, ಅಂದರೆ ದೈಹಿಕ ಶಿಕ್ಷಣದ ಮೇಷ್ಟ್ರು, ಸರ್ಟಿಫಿಕೇಟಿನ ಫೈಲು ತೆರೆಯಲೇ ಇಲ್ಲ. "ಬೆಳಿಗ್ಗೆ ಕಂಠೀರವ ಸ್ಟೇಡಿಯಮ್ಮಿಂದ ಎಷ್ಟೊತ್ತಿಗೆ ಹೊರಡ್ತೀಯಮ್ಮ?" ಅಂತ ಕೇಳಿದರು. ಎಂಟೂಕಾಲು ಅಂದೆ. "ಸರಿ, ಫಸ್ಟ್ ಅವರ್ ವಿಷಯ ನಾನು ಮಾತಾಡ್ತೀನಿ." ನಾನು ಸೇರಿದ್ದು ಅಲ್ಲಿಗೆ. ಅಪ್ಪ ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಕಾಲೇಜು ಅಂದರೆ ಬರೀ ಇಷ್ಟೇನಾ ಅಂತ ಕೇಳಬಹುದು. ಆಡುವವರಿಗೆ ಹೆಚ್ಚುಕಡಿಮೆ ಇಷ್ಟೇ. ಐದೂವರೆಗೆ ಟ್ರ್ಯಾಕಿನಲ್ಲಿ ಇರಬೇಕು ಅಂದರೆ ನಾಲ್ಕೂವರೆಗೆ ಏಳಬೇಕು. ಸಂಜೆ ಮತ್ತೆ ಪ್ರಾಕ್ಟೀಸು. ನಡುವೆ ಬಿಎಂಟಿಸಿ ಬಸ್ಸು, ಸಿಗ್ನಲ್ಲು, ಮಳೆ ಬಂದರೆ ಅಂಡರ್‌ಪಾಸಿನಲ್ಲಿ ನೀರು. ಮೈದಾನದಿಂದ ಕಾಲೇಜಿಗೆ ಒಂದೂವರೆ ಗಂಟೆ ಹಿಡಿದರೆ ಆ ಕಾಲೇಜಿನ ರ‍್ಯಾಂಕಿಂಗ್ ಇಟ್ಟುಕೊಂಡು ಏನು ಮಾಡುವುದು?

ಇನ್ನು ಓಡಿ ಫಾರ್ಮು, ಆಟಕ್ಕೆ ಹೋದ ದಿನಗಳಿಗೂ ಹಾಜರಿ ಕೊಡಿ ಅಂತ ಕೇಳುವ ಕಾಗದ. ಆನ್ ಡ್ಯೂಟಿ ಅನ್ನುವುದನ್ನು ಚಿಕ್ಕದಾಗಿ ಓಡಿ ಅನ್ನುತ್ತಾರೆ, ಆದರೆ ಕನ್ನಡದ ಅರ್ಥವೇ ಸರಿಯಾಗಿದೆ. ಓಡಿ ಓಡಿ ಸಹಿ ಹಾಕಿಸಿಕೊಳ್ಳಬೇಕು. ಆರು ಸಬ್ಜೆಕ್ಟಿಗೆ ಆರು ಸಹಿ, ಅದರ ಮೇಲೆ ಎಚ್‌ಒಡಿ, ಕೊನೆಗೆ ಪ್ರಿನ್ಸಿಪಾಲರು. ನನ್ನ ಜೊತೆ ಓಡುತ್ತಿದ್ದ ಗೆಳತಿ ಬೇರೆ ಕಾಲೇಜಿನವಳು. ಮೀಟಿನಿಂದ ವಾಪಸ್ ಬಂದ ಮೇಲೆ ಎರಡು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಆ ಎರಡು ದಿನದ ಕ್ಲಾಸೂ ಹೋಯಿತು. ನಮ್ಮ ಪಿಡಿ ಸರ್ ಫಾರ್ಮನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಹೋಗಿ, ಲೆಕ್ಚರರುಗಳು ಡಬ್ಬಿ ತೆರೆದು ಕೂತಿರುವಾಗಲೇ ಸಹಿ ಹಾಕಿಸುತ್ತಿದ್ದರು. ನನ್ನ ಮೂರನೇ ಸೆಮಿಸ್ಟರಿನ ಫಾರ್ಮಿನ ಮೇಲೆ ಚಿತ್ರಾನ್ನದ ಎಣ್ಣೆ ಕಲೆ ಇದೆ. ಇನ್ನೂ ಇಟ್ಟುಕೊಂಡಿದ್ದೇನೆ.

"ಆಟದಿಂದ ಹೊಟ್ಟೆ ತುಂಬುತ್ತಾ?" ಅನ್ನುವವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ಕ್ರೀಡಾ ಕೋಟಾಕ್ಕೆ, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ನಿಮ್ಮ ಯೂನಿವರ್ಸಿಟಿಯನ್ನು ಪ್ರತಿನಿಧಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಭಾರತ ತಂಡದ ಜೆರ್ಸಿಯೇ ಬೇಕು ಅಂತೇನಿಲ್ಲ. ಆ ಕೂಟಕ್ಕೆ ಹೋಗುವ ದಾರಿ ಇರುವುದು ಕಾಲೇಜಿನ ಮೂಲಕ. ಕ್ಲಬ್ಬಿನಲ್ಲಿ ಎಷ್ಟು ಚೆನ್ನಾಗಿ ಓಡಿದರೂ ಕಾಲೇಜು ಹೆಸರು ಕಳಿಸದಿದ್ದರೆ ಯೂನಿವರ್ಸಿಟಿ ತಂಡ ಇಲ್ಲ. ರೈಲ್ವೆ, ಅಂಚೆ, ಆದಾಯ ತೆರಿಗೆ ಇಲಾಖೆ, ಇತ್ತ ನಮ್ಮ ರಾಜ್ಯದ ಪೊಲೀಸು, ಎಲ್ಲ ಕಡೆ ಹೀಗೆ ಬಂದವರಿದ್ದಾರೆ. 2022ರಲ್ಲಿ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ನಮ್ಮ ಊರಲ್ಲೇ ನಡೆಯಿತು, ಜೈನ್ ಯೂನಿವರ್ಸಿಟಿ ಆತಿಥ್ಯದಲ್ಲಿ. ನನ್ನ ಕಾಲ ಮುಗಿದಿತ್ತು. ನೋಡುತ್ತಾ ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಯಾಕೆ ಹೇಳಲಿ.

ಬಸವನಗುಡಿ ಕಡೆ ಯಾರ ಮನೆಗೆ ಹೋದರೂ ಒಬ್ಬ ಮಾವ ಇರುತ್ತಾರೆ. "ಕುಂಬ್ಳೆ ಎರಡೂ ಮಾಡಿಲ್ವಾ?" ಅನ್ನುತ್ತಾರೆ. ಮಾಡಿದರು. 1990ರಲ್ಲಿ ಭಾರತಕ್ಕೆ ಆಡಿ, ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗನ್ನೂ ಮುಗಿಸಿದರು. ಮಾವ, ಅದಕ್ಕೇ ಅವರು ಕುಂಬ್ಳೆ. ಪಂಕಜ್ ಅಡ್ವಾಣಿ ಓದಿದ್ದು ಮಹಾವೀರ್ ಜೈನ್ ಕಾಲೇಜಿನಲ್ಲಿ, ಕಾಮರ್ಸು. 2003ರಲ್ಲಿ 18ರ ವಯಸ್ಸಿಗೇ ವಿಶ್ವ ಸ್ನೂಕರ್ ಚಾಂಪಿಯನ್ ಆದರು. ಹದಿನೆಂಟು! ಆ ವರ್ಷ ಅಟೆಂಡೆನ್ಸ್ ಶಾರ್ಟೇಜ್ ಅಂತ ಯಾರಾದರೂ ತಡೆದಿದ್ದರೆ?

ನಾನು ಎಂ.ಕಾಂ ಮಾಡಿದ್ದು 29ಕ್ಕೆ, ದೂರಶಿಕ್ಷಣದಲ್ಲಿ. ಆ ವಯಸ್ಸಿಗೆ 400 ಮೀಟರನ್ನು ಮತ್ತೆ 57 ಸೆಕೆಂಡಿನಲ್ಲಿ ಓಡು ಅಂದಿದ್ದರೆ ಆಗುತ್ತಿರಲಿಲ್ಲ.

ವಿರೋಧ: ಮೊಣಕಾಲು ಕೈಕೊಟ್ಟ ದಿನ ಏನು ಮಾಡುತ್ತೀರಿ?

ಅಕ್ಕ ಬರೆದದ್ದರಲ್ಲಿ ಓಡಿ ಫಾರ್ಮಿನ ವಿಷಯ ನೂರಕ್ಕೆ ನೂರು ನಿಜ. ಆದರೆ ಅವರಿಗೆ ಸಿಕ್ಕಿದ್ದು ಒಳ್ಳೆಯ ಕಾಲೇಜಲ್ಲ, ಒಳ್ಳೆಯ ಪಿಡಿ ಸರ್. ಆ ಸರ್ ಒಂದು ವರ್ಷ ಮೊದಲೇ ರಿಟೈರ್ ಆಗಿದ್ದರೆ ಅವರ ಕತೆ ಬೇರೆ ಥರ ಇರುತ್ತಿತ್ತು.

ನಾನು ಮಲ್ಲೇಶ್ವರದ ಹುಡುಗ, ಬಾಸ್ಕೆಟ್‌ಬಾಲ್. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಗುವಷ್ಟು ರ‍್ಯಾಂಕ್ ಇತ್ತು. ಅಷ್ಟರಲ್ಲಿ ಒಂದು ಕಾಲೇಜಿನವರು ಟೂರ್ನಮೆಂಟಿನಲ್ಲಿ ನೋಡಿ ಕರೆದರು. ಫ್ರೀ ಸೀಟು, ಹೊಸ ಕೋರ್ಟು, ವರ್ಷಕ್ಕೆ ಎರಡು ಜೊತೆ ಶೂ. ಕೋರ್ಸು ಮಾತ್ರ ಅವರು ಹೇಳಿದ್ದು. ನನಗೆ ಇಷ್ಟವೂ ಇರಲಿಲ್ಲ, ಬೇಡ ಅನ್ನುವಷ್ಟು ಬುದ್ಧಿಯೂ ಇರಲಿಲ್ಲ. ಮನೆಯಲ್ಲಿ ಫೀ ಉಳಿಯಿತಲ್ಲ ಅಂತ ಖುಷಿ.

ಎರಡನೇ ವರ್ಷ ನವೆಂಬರಿನಲ್ಲಿ, ಲೇಅಪ್ ಹಾಕಿ ಇಳಿಯುವಾಗ ಎಡ ಮೊಣಕಾಲಿನೊಳಗೆ "ಟಪ್" ಅಂತ ಸದ್ದು. ನೋವು ಆಮೇಲೆ ಬಂತು, ಮೊದಲು ಬಂದದ್ದು ಸದ್ದು. ಎಸಿಎಲ್, ಅಂದರೆ ಮೊಣಕಾಲನ್ನು ಹಿಡಿದಿಡುವ ಒಂದು ಮುಖ್ಯ ಲಿಗಮೆಂಟು, ಹರಿದಿತ್ತು. ಆಪರೇಷನ್ನು, ಒಂಬತ್ತು ತಿಂಗಳು ಫಿಸಿಯೋ. ಮೂರನೇ ವರ್ಷ ಶುರುವಾದಾಗ ಆಫೀಸಿನಿಂದ ಕರೆ. ಕ್ಲರ್ಕು ಬಹಳ ಮರ್ಯಾದೆಯಿಂದಲೇ ಹೇಳಿದರು: "ನೀವು ಈ ವರ್ಷ ಟೀಮಲ್ಲಿ ಇಲ್ವಲ್ಲಪ್ಪ, ಪೂರ್ತಿ ಫೀ ಕಟ್ಟಬೇಕಾಗುತ್ತೆ." ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಅದು ಇತ್ತಂತೆ. ಇದ್ದಿದ್ದು ನಿಜ. ಓದಿರಲಿಲ್ಲ. ಅಮ್ಮನ ಬಳೆ ಅಡವಿಗೆ ಹೋಯಿತು.

ಇಷ್ಟವಿಲ್ಲದ ಡಿಗ್ರಿ, ಎರಡು ಬ್ಯಾಕು, ಅಂದರೆ ಫೇಲಾಗಿ ಉಳಿದ ಎರಡು ಸಬ್ಜೆಕ್ಟು. ಪ್ಲೇಸ್‌ಮೆಂಟಿಗೆ ಬಂದ ಕಂಪನಿಗಳು ಕೇಳಿದ್ದು 60 ಪರ್ಸೆಂಟ್, ಬ್ಯಾಕ್ ಇರಬಾರದು. ರಾಜ್ಯ ತಂಡದಲ್ಲಿ ಆಡಿದ್ದೇನೆ ಅಂತ ರೆಸ್ಯೂಮೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಅದನ್ನು ಓದುವ ಹಂತಕ್ಕೇ ಅದು ಹೋಗಲಿಲ್ಲ.

ನನ್ನ ತಕರಾರು ಆಟದ ಮೇಲೆ ಅಲ್ಲ. ಬೆಂಗಳೂರಿನಲ್ಲಿ ಆಟ ಇರುವುದು ಕಾಲೇಜಿನಲ್ಲಿ ಅಲ್ಲ ಅನ್ನುವುದು ನನ್ನ ವಾದ. ಇಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಕ್ಲಬ್ಬು, ಮಲ್ಲೇಶ್ವರದ ಬೀಗಲ್ಸ್ ಥರದ್ದು. ಕ್ರಿಕೆಟ್ ಅಂದರೆ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ನಡೆಸುವ ಲೀಗಿನ ತಂಡಗಳು. ಈಜು ಅಂದರೆ ಬಸವನಗುಡಿಯ ಈಜುಕೊಳ. ಬ್ಯಾಡ್ಮಿಂಟನ್ ಅಂದರೆ 1994ರಿಂದ ಪ್ರಕಾಶ್ ಪಡುಕೋಣೆ ಅಕಾಡೆಮಿ. ಲಕ್ಷ್ಯ ಸೇನ್ ಎಲ್ಲೋ ದೂರದ ಅಲ್ಮೋರಾದಿಂದ ಸಣ್ಣ ಹುಡುಗನಾಗಿದ್ದಾಗ ಬಂದದ್ದು ಆ ಅಕಾಡೆಮಿಗೆ, ಯಾವುದೋ ಕಾಲೇಜಿಗಲ್ಲ. ಓಟಗಾರರಿಗೆ ಕಂಠೀರವ. ಅಕ್ಕನೇ ಹೇಳಿದ್ದಾರಲ್ಲ, ಅವರು ಓಡುತ್ತಿದ್ದದ್ದು ಅಲ್ಲಿ. ಕೋಚು ಹೊರಗೆ, ಮೈದಾನ ಹೊರಗೆ. ಕಾಲೇಜಿನಿಂದ ಬೇಕಾದದ್ದು ರಜೆ ಮತ್ತು ಒಂದು ಸಹಿ. ಬರೀ ಅಷ್ಟಕ್ಕೆ ಮೂರು ವರ್ಷದ ಓದನ್ನೇ ಒತ್ತೆ ಇಡಬೇಕಾ?

ರಜೆಗೆ ಓದಿನ ಕಾಲೇಜಿನಲ್ಲೂ ದಾರಿ ಇದೆ. ಎಂಜಿನಿಯರಿಂಗ್ ಕಾಲೇಜುಗಳ ಯೂನಿವರ್ಸಿಟಿ ವಿಟಿಯುನಲ್ಲಿ 85 ಪರ್ಸೆಂಟ್ ಅಟೆಂಡೆನ್ಸ್ ಬೇಕು ಅಂತ ಹೆದರಿಸುತ್ತಾರೆ. ಆಟಕ್ಕೆ ಹೋದವರಿಗೆ ಅದರಲ್ಲಿ ವಿನಾಯಿತಿ ಕೇಳುವ ಅವಕಾಶವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಕ್ರೀಡಾ ಕೋಟಾವನ್ನೇ ಉಲ್ಟಾ ಉಪಯೋಗಿಸಬಹುದು. ಸಿಇಟಿಯಲ್ಲಿ ಕ್ರೀಡಾಪಟುಗಳಿಗೆ ಬೇರೆ ಸೀಟುಗಳಿವೆ. ನಿಮ್ಮ ಸರ್ಟಿಫಿಕೇಟಿಗೆ ಓದಿನ ಕಾಲೇಜಿನ ಬಾಗಿಲೇ ತೆರೆಯುತ್ತದೆ. ಮದ್ರಾಸ್ ಐಐಟಿ ಕೂಡ 2024ರಿಂದ ಪ್ರತಿ ಬಿಟೆಕ್ ಕೋರ್ಸಿನಲ್ಲಿ ಎರಡೆರಡು ಸೀಟು ಕ್ರೀಡಾಪಟುಗಳಿಗೆ ಇಟ್ಟಿದೆ, ಅದರಲ್ಲಿ ಒಂದು ಹುಡುಗಿಯರಿಗೇ. ಐಐಟಿ ಪ್ರವೇಶ ಪರೀಕ್ಷೆ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು ಅನ್ನುವುದು ಬೇರೆ ಮಾತು. ಅದು ಎಲ್ಲರ ಕೈಲಾಗುವ ಕೆಲಸ ಅಲ್ಲ ಬಿಡಿ.

ದ್ರಾವಿಡ್ ಅವರನ್ನೇ ನೋಡಿ. ಸೇಂಟ್ ಜೋಸೆಫ್ಸ್‌ನಲ್ಲಿ ಬಿ.ಕಾಂ ಮುಗಿಸಿ, ಎಂಬಿಎ ಓದುತ್ತಿರುವಾಗ ಭಾರತ ತಂಡಕ್ಕೆ ಹೋದರು. 1996ರಲ್ಲಿ ಲಾರ್ಡ್ಸ್‌ನಲ್ಲಿ 95 ಹೊಡೆಯದೇ ಇದ್ದಿದ್ದರೂ ಆ ಮನುಷ್ಯ ಎಲ್ಲೋ ಮ್ಯಾನೇಜರ್ ಆಗಿ ನೆಮ್ಮದಿಯಾಗಿ ಇರುತ್ತಿದ್ದರು. ಅಕ್ಕನ ಬ್ಯಾಂಕಿನ ಕ್ರೀಡಾ ಕೋಟಾದಲ್ಲಿ ವರ್ಷಕ್ಕೆ ಎಷ್ಟು ಜನರನ್ನು ತಗೊಳ್ಳುತ್ತಾರೆ ಅಂತ ಅಕ್ಕನನ್ನೇ ಕೇಳಿ. ಕೈಬೆರಳು ಸಾಕು ಅನ್ನಿಸುತ್ತದೆ.

ಈಗ ನಾನು ಹಗಲು ಒಂದು ಗೋದಾಮಿನ ಲೆಕ್ಕ ನೋಡುತ್ತೇನೆ, ಸಂಜೆ ಮಕ್ಕಳಿಗೆ ಕೋಚಿಂಗ್. ಕಳೆದ ವಾರ ಸೆಕೆಂಡ್ ಪಿಯು ಹುಡುಗನೊಬ್ಬ ಪ್ರಾಕ್ಟೀಸ್ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಒಂದು ಪ್ರಾಸ್ಪೆಕ್ಟಸ್ ತೋರಿಸಿದ. ಹೊಳೆಯುವ ಕಾಗದ, ಹಸಿರು ಕೋರ್ಟು, ನಗುವ ಹುಡುಗರು. ನಾನು ಒಂದೇ ಮಾತು ಹೇಳಿ ಕಳಿಸಿದೆ. ಗಾಯ ಆದರೆ ಫೀ ಯಾರು ಕಟ್ಟಬೇಕು ಅಂತ ಕೇಳು, ಬರೆದು ಕೊಡಿ ಅನ್ನು.

ಮೊನ್ನೆ ಬಂದ. "ಅದನ್ನೆಲ್ಲ ಬರೆದು ಕೊಡಲ್ಲ ಅಂದ್ರು ಸರ್."

"ಮತ್ತೆ?"

"ಸಿಇಟಿ ಅರ್ಜಿಗೆ ಸ್ಟೇಟ್ ಸರ್ಟಿಫಿಕೇಟ್ ಸ್ಕ್ಯಾನ್ ಮಾಡಿಸ್ಬೇಕು. ನಾಳೆ ಪ್ರಾಕ್ಟೀಸ್‌ಗೆ ಅರ್ಧ ಗಂಟೆ ಲೇಟಾಗಿ ಬರ್ಲಾ?"