ಎರಡಕ್ಕೊಂದು ಸಕ್ಕರೆ

ನಮ್ಮ ಪುಟ್ಟಿಗೆ ನಾಲ್ಕು ತುಂಬಿದ್ದು ಜೂನ್ ತಿಂಗಳ ಒಂದು ಮಂಗಳವಾರ. ಅದರ ಹಿಂದಿನ ಭಾನುವಾರವೇ ಹುಟ್ಟುಹಬ್ಬ ಮುಗಿಸಿಬಿಡೋಣ, ಅವತ್ತು ಧಾರವಾಡದ ನಮ್ಮ ಚರ್ಚಿನ ಪಾದ್ರಿ ಅಯ್ಯನವರಿಗೂ ಸಂಜೆ ಬಿಡುವಿರುತ್ತದೆ, ಫೋನಿನಲ್ಲೇ ಪ್ರಾರ್ಥನೆ ಮಾಡಿಸೋಣ ಅಂತ ನಾನೂ ಮನೆಯಾಕೆಯೂ ಲೆಕ್ಕ ಹಾಕಿದ್ದೆವು. ಕೆಳಗಿನ ಮನೆಯ ಜರ್ಮನ್ ಅಜ್ಜಿಯನ್ನು ಕರೆಯಲು ಹೋದರೆ ಅವರು ಬಾಗಿಲಲ್ಲೇ ಎರಡು ಹೆಜ್ಜೆ ಹಿಂದೆ ಸರಿದರು. ಹುಟ್ಟಿದ ದಿನಕ್ಕೆ ಮುಂಚೆ ಶುಭಾಶಯ ಹೇಳುವುದು ಕೇಡಂತೆ, ಬಾಯಿಬಿಟ್ಟು ಹೇಳಲೂಬಾರದಂತೆ.

ನನಗೆ ನಗು ತಡೆಯಲಾಗಲಿಲ್ಲ. 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದು ನಮ್ಮ ಹಿರಿಯರಿಗೆ ಶಕುನ, ಗಳಿಗೆ, ಪಂಚಾಂಗ ಎಲ್ಲ ಬಿಡಿ ಅಂತ ಬುದ್ಧಿ ಹೇಳಿದರಲ್ಲ, ಆ ಮಿಶನರಿಗಳಲ್ಲಿ ಬಹಳಷ್ಟು ಮಂದಿ ಹೊರಟದ್ದು ನಾವೀಗ ಬಾಡಿಗೆಗಿರುವ ಈ ಸ್ಟುಟ್‌ಗಾರ್ಟ್ ಸುತ್ತಲಿನ ಸೀಮೆಯಿಂದಲೇ. ನಮ್ಮಿಂದ ಬಿಡಿಸಿದ್ದನ್ನು ಗಂಟು ಕಟ್ಟಿ ಊರಿಗೆ ಸಾಗಿಸಿದರೋ ಏನೋ!

ಅವ್ವನಿಗೆ ಹೇಳಿದೆ. "ಅಪಶಕುನ ಅನ್ನೋದೆಲ್ಲ ದೇವರ ಮಕ್ಕಳ ಬಾಯಾಗ ಬರಬಾರದು ತಮ್ಮಾ" ಅಂದಳು. ಒಂದು ನಿಮಿಷ ಬಿಟ್ಟು, "ಆದ್ರೂ ಸುಮ್ನ ಯಾಕ ಬೇಕು? ಮುಂದಿನ ಐತಾರ ಮಾಡ್ರಿ" ಅಂದಳು.

ಕರೆಯುವ ಮಕ್ಕಳಿಗೂ ಇಲ್ಲೊಂದು ಲೆಕ್ಕವಿದೆ. ಮಗುವಿಗೆ ಎಷ್ಟು ವರ್ಷವೋ ಅಷ್ಟೇ ಮಕ್ಕಳು. ನಾಲ್ಕು ವರ್ಷಕ್ಕೆ ನಾಲ್ಕು. ನನ್ನ ಹುಟ್ಟುಹಬ್ಬಕ್ಕೆ ಕಂಪೌಂಡಿನ ಹುಡುಗರಷ್ಟೂ ಬರುತ್ತಿದ್ದರು, ಕರೆಯದಿದ್ದರೂ. ಒಂದು ಕಿಲೋ ಕೇಕನ್ನು ಅವ್ವ ಅರವತ್ತು ತುಂಡು ಮಾಡುತ್ತಿದ್ದಳು, ಮೇಲಿನ ಗುಲಾಬಿ ಹೂವು ಮಾತ್ರ ಅಯ್ಯನವರಿಗೆ. ಇಲ್ಲಿನ ಲೆಕ್ಕದಲ್ಲಿ ಅಷ್ಟು ಮಂದಿಯನ್ನು ಕರೆಯಬೇಕೆಂದರೆ ಪುಟ್ಟಿ ಬೈಬಲಿನ ಮೆತೂಷೆಲಹನ ದಾರಿ ಹಿಡಿಯಬೇಕು. ಆತ ಬದುಕಿದ್ದು 969 ವರ್ಷ.

ಆ ಭಾನುವಾರ ಬೆಳಿಗ್ಗೆ ಇಲ್ಲಿನ ದೇವಾಲಯಕ್ಕೆ ಹೋಗಿ ಬಂದೆವು. ನಮ್ಮ ಮೂವರನ್ನೂ ಸೇರಿಸಿ ಇಪ್ಪತ್ತಾರು ಜನ. ಊರಲ್ಲಾದರೆ ಮಗುವಿನ ಹೆಸರಿನ ಕವರಿನಲ್ಲಿ ಕೃತಜ್ಞತಾ ಕಾಣಿಕೆ ಇಟ್ಟು, ಅಯ್ಯನವರು ಅದನ್ನು ಓದಿ ಹೇಳಿ, ಮಗುವನ್ನು ಮುಂದೆ ಕರೆದು ತಲೆ ಮೇಲೆ ಕೈಯಿಟ್ಟು, ಸಭೆಯೆಲ್ಲ ಹಾಡಿ, ಒಂದು ಗತ್ತಿನಲ್ಲಿ ಆಗುವ ಕೆಲಸ. ಇಲ್ಲಿ ನಾನೇ ಐದು ಯೂರೋ ನೋಟು ಚೀಲಕ್ಕೆ ಹಾಕಿ ಸುಮ್ಮನೆ ಕೂತೆ.

"ಕಾಣಿಕಿ ಎಷ್ಟ್ ಹಾಕ್ದಿ?" ಅವ್ವನ ಮೊದಲ ಪ್ರಶ್ನೆ ಅದೇ.

"ಇಲ್ಲಿ ಸರ್ಕಾರದವರೇ ಸಂಬಳದಾಗ ಹಿಡ್ಕೊಂಡು ಸಭಾಕ್ಕ ಕೊಡ್ತಾರವ್ವ. ನೂರಕ್ಕ ಎಂಟು."

"ದಶಮಾಂಶಕ್ಕ ಎರಡು ಕಡಿಮಿ ಆತಲ್ಲ. ಉಳದದ್ದು ನೀ ಹಾಕು."

ಆ ಎಂಟು ಸಂಬಳಕ್ಕಲ್ಲ, ಆದಾಯ ತೆರಿಗೆಯ ಮೇಲೆ ನೂರಕ್ಕೆ ಎಂಟು ಅನ್ನುವುದನ್ನು ನಾನು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇನ್ನು ಪಾಯಸದ ಕತೆ. ಕೇಕು ಮನೆಯಾಕೆಯದು, ಪಾಯಸ ನನ್ನದು ಅಂತ ಪಾಲಾಗಿತ್ತು. ಅವ್ವ ಕಳಿಸಿದ್ದ ಶ್ಯಾವಿಗೆ ಅರ್ಧ ಕಿಲೋ ಉಳಿದಿತ್ತು, ಅದನ್ನು ತುಪ್ಪದಲ್ಲಿ ಹುರಿದೆ. ಮನೆಯಲ್ಲಿದ್ದಷ್ಟೂ ಹಾಲು ಕಾಯಿಸಿ ಸುರಿದು, ಶನಿವಾರ ತಂದಿಟ್ಟ ಹೊಸ ಸಕ್ಕರೆ ಹಾಕಿದೆ. ಹಾಕಿದ ಎರಡೇ ನಿಮಿಷಕ್ಕೆ ಹಾಲು ಒಡೆಯಿತು. ಸೌಟು ಆಡಿಸಿದಷ್ಟೂ ಒಂದು ಕಡೆ ನೀರು, ಒಂದು ಕಡೆ ಗಡ್ಡೆ. ನಾಲಿಗೆಗೆ ಹಚ್ಚಿದರೆ ಸಿಹಿಯ ಹಿಂದೆಯೇ ಲಿಂಬೆಹಣ್ಣಿನ ಹುಳಿ.

ಮನೆಯಾಕೆ ಬಂದು ಪೊಟ್ಟಣ ತಿರುಗಿಸಿ ನೋಡಿದಳು. "ರೀ, ಇದು ಜೆಲೀರ್ ಟ್ಸುಕರ್. ಜಾಮ್ ಮಾಡೋ ಸಕ್ಕರಿ. ಇದ್ರಾಗ ಪೆಕ್ಟಿನ್ ಐತಿ, ಸಿಟ್ರಿಕ್ ಆಸಿಡ್ ಐತಿ."

"ಟ್ಸುಕರ್ ಅಂದ್ರ ಸಕ್ಕರೀನ ಅಲ್ಲೇನು?"

"ಮ್ಯಾಲ 2:1 ಅಂತ ಇಷ್ಟು ದಪ್ಪಗ ಬರದಾರಲ್ರೀ, ನೋಡ್ಲಿಲ್ಲೇನು?"

ನೋಡಿದ್ದೆ. ನೋಡಿಯೇ ತಂದಿದ್ದೆ. ಎರಡು ಪಾಲು ಹಣ್ಣಿಗೆ ಒಂದು ಪಾಲು ಸಕ್ಕರೆ ಅಂತ ಅದರರ್ಥ. ನಾನು ಎರಡು ಕೊಂಡರೆ ಒಂದು ಫ್ರೀ ಅಂದುಕೊಂಡು ಎರಡು ಪೊಟ್ಟಣ ತಂದಿದ್ದೆ. ಕೌಂಟರಿನ ಹುಡುಗಿ ಮೂರನೆಯದನ್ನು ಯಾಕೆ ಕೊಡಲಿಲ್ಲ ಅಂತ ಆಕೆಯ ಮೇಲೆ ಸ್ವಲ್ಪ ಸಿಟ್ಟೂ ಇತ್ತು. ಕಿಟೆಲ್ ಸಾಹೇಬರು ಇದೇ ಜರ್ಮನಿಯಿಂದ ನಮ್ಮ ಕಡೆ ಬಂದು, ಕನ್ನಡದ ಸುಮಾರು 70,000 ಪದ ಕೂಡಿಸಿ 1894ರಲ್ಲಿ ನಿಘಂಟು ಅಚ್ಚು ಹಾಕಿಸಿದರು. ಧಾರವಾಡದಿಂದ ಇಲ್ಲಿಗೆ ಬಂದ ನನಗೆ ಸಕ್ಕರೆ ಪೊಟ್ಟಣದ ಒಂದು ಪದ ಓದಲಾಗಲಿಲ್ಲ.

ಹೊಸ ಹಾಲು ತರೋಣವೆಂದರೆ ಭಾನುವಾರ. ಅಂಗಡಿಗಳೆಲ್ಲ ಬಂದ್. ಭಾನುವಾರ ಕೆಲಸ ಬಿಟ್ಟು ಆತ್ಮೋನ್ನತಿಗೆ ಇರಬೇಕಾದ ದಿನ ಅಂತ ಈ ದೇಶದ ಸಂವಿಧಾನದಲ್ಲೇ ಬರೆದಿದೆ. ಇದನ್ನು ಕೇಳಿದಾಗ ಅವ್ವ, "ಎಂಥಾ ಭಯಭಕ್ತಿ ಮಂದಿ ಅದಾರಪಾ!" ಅಂತ ಕಣ್ಣೊರೆಸಿಕೊಂಡಿದ್ದಳು. ಒಡೆದ ಪಾಯಸದ ಮುಂದೆ ನಿಂತ ನನ್ನ ಆತ್ಮ ಮಾತ್ರ ಅವತ್ತು ಒಂದು ಗೇಣೂ ಮೇಲೆ ಏರಲಿಲ್ಲ. ರೈಲ್ವೆ ಸ್ಟೇಶನ್ನಿನ ಅಂಗಡಿ ತೆರೆದಿರುತ್ತದೆ, ಆದರೆ ಹೋಗಿ ಬರಲು ಒಂದು ತಾಸು ಬೇಕು, ಆಗಲೇ ಎರಡೂವರೆ. ಎಲ್ಲವನ್ನೂ ಸಣ್ಣ ಬಟ್ಟಲುಗಳಿಗೆ ಸುರಿದು ಫ್ರಿಜ್ಜಿಗೆ ತಳ್ಳಿದೆ.

ಮೂರಕ್ಕೆ ಬನ್ನಿ ಅಂದರೆ ಮೂರಕ್ಕೇ ಬಂದರು. ನಾಲ್ಕು ಮಕ್ಕಳು, ಕೆಳಗಿನ ಅಜ್ಜಿ. ಧಾರವಾಡದಲ್ಲಿ ಆಗ ಆರೂವರೆ. ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಿಲ್ಲಿಸಿದೆ. ಅದರೊಳಗೆ ಅವ್ವ, ಅಯ್ಯನವರು, ಹಿಂದೆ ಅರ್ಧರ್ಧ ಮುಖ ಕಾಣಿಸುವ ಕಂಪೌಂಡಿನ ಹೆಂಗಸರು.

"ನಮ್ಮ ಕೂಸು 23ನೇ ಕೀರ್ತನಿ ಹೇಳ್ತೈತಿ, ಕೇಳ್ರಿ" ಅಂದಳು ಅವ್ವ. ಹದಿನೈದು ದಿನದಿಂದ ಫೋನಿನಲ್ಲೇ ಬಾಯಿಪಾಠ ಮಾಡಿಸಿದ್ದಳು.

ಪುಟ್ಟಿ ಕೈ ಜೋಡಿಸಿ, ಕಣ್ಣು ಮುಚ್ಚಿ, ದೊಡ್ಡ ದನಿಯಲ್ಲಿ ಹೇಳಿದಳು: "ಯೆಹೋವನು ನನಗೆ ಕುರುಕಲು."

ಇಲ್ಲಿ ಕುರುಬರು ಎಲ್ಲಿ ಕಾಣಬೇಕು, ಕುರುಕಲು ತಿಂಡಿಯಾದರೆ ದಿನಾ ಕಾಣುತ್ತದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಯ್ಯನವರೇ ದೊಡ್ಡ ಮನಸ್ಸು ಮಾಡಿ, "ಇರ್ಲಿ ಬಿಡ್ರಿ. 34ನೇ ಕೀರ್ತನಿಯೊಳಗ ಸವಿದು ನೋಡ್ರಿ ಅಂತ ಐತಲ್ಲ" ಅಂದು ಪ್ರಾರ್ಥನೆಗೆ ತೊಡಗಿದರು.

ಎಲ್ಲರೂ ಕೈ ಕೈ ಹಿಡಿದು ಕಣ್ಣು ಮುಚ್ಚಿ ನಿಂತೆವು. ಅಯ್ಯನವರು ನೋಹನ ನಾವೆಯಿಂದ ಶುರು ಮಾಡಿ, ಪರದೇಶಿಯಾಗಿ ಹೊರಟ ಅಬ್ರಹಾಮನಿಗೆ ಬಂದು, ಅವನ ಗುಡಾರದ ಹತ್ತಿರ ನಿಲ್ಲಿಸಿದರು. ಧ್ಯಾನಕ್ಕೆ ನಿಲ್ಲಿಸಿದ್ದಾರೆ ಅಂದುಕೊಂಡೆ. ಒಂದು ನಿಮಿಷವಾಯಿತು, ಎರಡಾಯಿತು. ಆಮೆನ್ ಬರದೆ ಕಣ್ಣು ತೆರೆಯುವುದು ಹೇಗೆ? ಕೇಕಿನ ಮೇಣದಬತ್ತಿ ಕರಗುವ ವಾಸನೆ. ಮನೆಯಾಕೆಯ ಬೆರಳು ನನ್ನ ಅಂಗೈಯನ್ನು ಚುಚ್ಚುತ್ತಿತ್ತು. ಕೊನೆಗೆ ಪುಟ್ಟಿ ಪಿಸುಗುಟ್ಟಿದಳು: "ಅಪ್ಪಾ, ಅಯ್ಯನೋರು ಮಲಗ್ಯಾರ."

ಮಲಗಿರಲಿಲ್ಲ, ನೆಟ್‌ವರ್ಕ್ ಹೋಗಿತ್ತು. ಬಾಯಿ ಅರ್ಧ ತೆರೆದು, ಒಂದು ಕೈ ಎತ್ತಿಕೊಂಡು ಅಯ್ಯನವರು ಕಲ್ಲಾಗಿ ನಿಂತಿದ್ದರು. ನಾನು ಏನು ಮಾಡಲಿ ಅನ್ನುವಷ್ಟರಲ್ಲಿ ಒಬ್ಬ ಜರ್ಮನ್ ಹುಡುಗ, ಕೈ ಹಿಡಿದು ನಿಂತಿದ್ದು ಶಿಶುವಿಹಾರದ ಊಟದ ಪದ್ಯಕ್ಕೇ ಅಂದುಕೊಂಡು, ತಾಳ್ಮೆ ತಪ್ಪಿ ಕೂಗಿದ: "ಪೀಪ್ ಪೀಪ್ ಪೀಪ್, ಗುಟೆನ್ ಆಪೆಟೀಟ್!" ಉಳಿದವರೂ ಕೂಗಿ ಹಿಡಿದ ಕೈಗಳನ್ನು ಝಾಡಿಸಿ ಬಿಟ್ಟರು. ಸರಿಯಾಗಿ ಆಗಲೇ ಲೈನು ಹತ್ತಿತು.

"ಜರ್ಮನ್ ಭಾಷಾದಾಗ ಆಮೆನ್ ಭಾಳ ಉದ್ದ ಐತಲ್ಲ?" ಅಂದರು ಅಯ್ಯನವರು.

ಪಾಯಸ ಫ್ರಿಜ್ಜಿನಲ್ಲಿ ಗಟ್ಟಿಯಾಗಿ, ಬಟ್ಟಲು ಅಲುಗಿಸಿದರೆ ತಾನೂ ಅಲುಗುತ್ತಿತ್ತು. ಮಕ್ಕಳು ಎರಡೆರಡು ಸಲ ಹಾಕಿಸಿಕೊಂಡರು. ಕೆಳಗಿನ ಅಜ್ಜಿ ಇದು ಭಾರತದ ಸಾಂಪ್ರದಾಯಿಕ ಸಿಹಿಯೋ ಅಂತ ಕೇಳಿದರು. ಹೌದು ಅಂದೆ. ದೇವರು ಕ್ಷಮಿಸಲಿ, ಐತಾರ ಬೇರೆ.

ಆಮೇಲೆ ಇಲ್ಲಿನ ಒಂದು ಆಟ. ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಮರದ ಸೌಟು ಕೊಡುತ್ತಾರೆ. ಅದು ನೆಲದ ಮೇಲೆ ಅಂಬೆಗಾಲಿಡುತ್ತ, ಬೋರಲು ಹಾಕಿದ ಪಾತ್ರೆಯನ್ನು ಹುಡುಕಿ ಬಡಿಯಬೇಕು. ಅಡಿಯಲ್ಲಿ ಚಾಕೊಲೇಟು. "ಕೂಸಿನ ಕಣ್ಣಿಗೆ ಬಟ್ಟಿ ಯಾಕ ಕಟ್ಟೀರೋ?" ಅಂತ ಅವ್ವ ಕೂಗುತ್ತಿದ್ದಂತೆ ಪುಟ್ಟಿಯ ಸೌಟು ಮೇಜಿನ ಕಾಲಿಗೆ ಬಿತ್ತು, ಫೋನು ಅಂಗಾತ ಬಿತ್ತು, ಅದರ ಮೇಲೆ ಯಾರದೋ ಟೋಪಿ ಬಿತ್ತು.

ಆರಕ್ಕೆ ಎಲ್ಲರೂ ಹೊರಟರು. ಆ ವಾರ ಮೆಟ್ಟಿಲು ಗುಡಿಸುವ ಪಾಳಿ ನಮ್ಮದು. ಬಾಗಿಲಿಗೆ ಅದರ ಫಲಕವೂ ತೂಗುತ್ತಿತ್ತು. ಈ ಸೀಮೆಯಲ್ಲಿ ಭಾನುವಾರ ಗುಡಿಸುವುದು ತಪ್ಪು, ಬಲೂನಿನ ಚೂರು ಬಿಟ್ಟು ಮಲಗುವುದು ಅದಕ್ಕಿಂತ ದೊಡ್ಡ ತಪ್ಪು. ಕಳ್ಳರಂತೆ ಸದ್ದಿಲ್ಲದೆ ಮೂರು ಮಹಡಿ ಗುಡಿಸಿ ಒಳಗೆ ಬಂದಾಗ ಏಳು. ಮೇಜು ಎತ್ತಿಡಲು ಹೋಗಿ ಟೋಪಿ ತೆಗೆದರೆ, ಅದರಡಿಯಲ್ಲಿ ಅವ್ವ.

ಅಲ್ಲಿ ರಾತ್ರಿ ಹತ್ತೂವರೆ.

"ಅವ್ವಾ! ಫೋನ್ ಇಟ್ಟಿಲ್ಲೇನ?"

"ಅಯ್ಯನೋರು ಹ್ವಾದ್ರು. ನಾ ನಡುವ ಊಟಾ ಮಾಡಿ ಬಂದ್ನಿ. ಕೂಸಿನ ಸಪ್ಪಳ ಕೇಳ್ತಿತ್ತಲ್ಲ, ಅದಕ್ಕ ಇಡ್ಲಿಲ್ಲ." ಕನ್ನಡಕ ಏರಿಸಿ ನನ್ನ ತಲೆಯ ಮೇಲಕ್ಕೆ ನೋಡಿದಳು. "ಅದಿರ್ಲಿ, ಟೊಪಗಿ ಬೀಳೂ ಮುಂದ ನೋಡಿದ್ನಿ. ನಿಮ್ಮ ಮ್ಯಾಲಿನ ಮೂಲ್ಯಾಗ ಜ್ಯಾಡ ಬಲಿ ಕಟ್ಟೇತಿ. ನಾಳೆ ತಗೀರಿ."