ಹಿಡಿಯೋದು ಆಮೇಲೆ, ಮೊದಲು ಬೀಳಲು ಬಿಡಿ

ಮೊನ್ನೆ ರಾತ್ರಿ ಅಪ್ಪ ಮಂಚದ ಪಕ್ಕ ನಿಂತು ಎರಡು ಚೆಂಡು ಮೇಲಕ್ಕೆ ಎಸೆದರು. ಹಿಡಿಯಲಿಲ್ಲ. ಕೈ ಇಳಿಬಿಟ್ಟು ಸುಮ್ನೆ ನಿಂತರು. ಎರಡೂ ಹಾಸಿಗೆ ಮೇಲೆ ಬಿದ್ದವು. ಧಪ್, ಧಪ್. "ಈಗ ಸರಿ ಬಿತ್ತೇನೋ?" ಅಂತ ನನ್ನ ಕಡೆ ತಿರುಗಿದರು. ಸರಿಯಾಗೇ ಬಿದ್ದಿದ್ದವು. ಬಲಗೈಯಿಂದ ಹೋದದ್ದು ಎಡಕ್ಕೆ, ಎಡಗೈಯಿಂದ ಹೋದದ್ದು ಬಲಕ್ಕೆ, ಎರಡು ಸದ್ದಿನ ನಡುವೆ ಒಂದು ಸಣ್ಣ ಬಿಡುವು. ಅಪ್ಪನಿಗೆ 66 ವರ್ಷ. ಜಗ್ಲಿಂಗ್, ಅಂದರೆ ಚೆಂಡುಗಳನ್ನು ಒಂದರ ಹಿಂದೊಂದು ಮೇಲಕ್ಕೆ ಎಸೆದು ಹಿಡಿಯುತ್ತಾ ಹೋಗುವ ಆಟ, ಶುರು ಮಾಡಿ ಐದೇ ದಿನ. ಅಷ್ಟು ಒಪ್ಪವಾಗಿ ಎಸೆಯುವುದಕ್ಕೆ ನನಗೆ ಎರಡು ತಿಂಗಳು ಹಿಡಿದಿತ್ತು.

ಕಾರಣ ಒಂದೇ. "ಬೀಳಲು ಬಿಡು" ಅಂತ ನನಗೆ ಯಾರೂ ಹೇಳಿರಲಿಲ್ಲ. ನೋಡಿದ ವಿಡಿಯೋಗಳಲ್ಲೆಲ್ಲ ಎಸೆ, ಹಿಡಿ, ಎಸೆ, ಹಿಡಿ ಅನ್ನುವ ಪಾಠವೇ. ಪಕ್ಕದಲ್ಲಿ ನಿಂತು ನೋಡುವವರೂ "ಹಿಡಿ, ಹಿಡಿ" ಅಂತಲೇ ಕೂಗುತ್ತಾರೆ. ಚೆಂಡು ನೆಲಕ್ಕೆ ಬಿದ್ದರೆ ಸೋತ ಹಾಗೆ ಅಂತ ನಮಗೆ ಚಿಕ್ಕಂದಿನಿಂದ ಅಭ್ಯಾಸ ಆಗಿಬಿಟ್ಟಿದೆ, ಅಲ್ವಾ? ಹಾಗಾಗಿ ಎಲ್ಲಿಗೆ ಎಸೆದರೂ ಸರಿ, ಓಡಿ ಹೋಗಿಯಾದರೂ ಹಿಡಿಯುತ್ತೇವೆ. ಕೆಟ್ಟ ಎಸೆತವನ್ನು ಒಳ್ಳೆಯ ಹಿಡಿತ ಮುಚ್ಚಿಹಾಕುತ್ತದೆ. ಎರಡು ಚೆಂಡಿನ ಮಟ್ಟಿಗೆ ಅದು ನಡೆಯುತ್ತದೆ. ಮೂರನೆಯದು ಬಂದ ಕೂಡಲೇ ಎಲ್ಲ ಬಯಲಾಗುತ್ತದೆ. ಬಲಗಡೆ ಎಲ್ಲೋ ಹೋದ ಚೆಂಡಿಗೆ ಕೈ ಚಾಚಿದರೆ, ಮುಂದಿನ ಎಸೆತ ಆ ಚಾಚಿದ ಕೈಯಿಂದಲೇ ಹೊರಡಬೇಕು. ಅದು ಇನ್ನೂ ದೂರ ಹೋಗುತ್ತದೆ. ಒಂದು ತಪ್ಪಿಗೆ ಇನ್ನೊಂದು ಸೇರುತ್ತಾ ಹೋಗಿ ನಾಲ್ಕನೇ ಎಸೆತದೊಳಗೆ ಎಲ್ಲ ಚೆಲ್ಲಾಪಿಲ್ಲಿ.

ನನ್ನ ಮಾತು ಇಷ್ಟೇ: ಹೊಸಬರಿಗೆ ಜಗ್ಲಿಂಗ್ ಅಂದರೆ ಎಸೆಯುವುದನ್ನು ಕಲಿಯುವುದು. ಎಸೆತ ನೆಟ್ಟಗಿದ್ದರೆ ಚೆಂಡು ತಾನಾಗಿ ಕೈಗೆ ಬಂದು ಕೂರುತ್ತದೆ.

ಇನ್ನೊಂದು ತಪ್ಪು ನಂಬಿಕೆ ಇದೆ. "ನನ್ನ ಕೈ ಅಷ್ಟು ಚುರುಕಿಲ್ಲಪ್ಪ" ಅಂತ ಎಷ್ಟೋ ಜನ ಶುರುವಿಗೇ ಕೈಬಿಡುತ್ತಾರೆ. ಇದಕ್ಕೆ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೊಣಕೈ ಮಡಿಸಿ ನಿಂತು, ತಲೆಗಿಂತ ತುಸು ಮೇಲೆ ಹೋಗುವ ಹಾಗೆ ಎಸೆದರೆ ಚೆಂಡು ಕೈಯಿಂದ ಸುಮಾರು 80 ಸೆಂಟಿಮೀಟರ್ ಏರುತ್ತದೆ. ಏರಿ ಇಳಿಯುವುದಕ್ಕೆ ಸುಮಾರು 0.8 ಸೆಕೆಂಡು. ಗಾಬರಿಯಲ್ಲಿ ಬರೀ 20 ಸೆಂಟಿಮೀಟರ್ ಎಸೆದರೆ ಸಿಗುವುದು 0.4 ಸೆಕೆಂಡು. ಅಂದರೆ ಸಮಯ ಎರಡರಷ್ಟು ಬೇಕಿದ್ದರೆ ಎತ್ತರ ನಾಲ್ಕರಷ್ಟು ಬೇಕು. ಹೊಸಬರು ಮಾಡುವುದು ಇದಕ್ಕೆ ತಿರುಗುಮುರುಗು. ಭಯ ಆದಷ್ಟೂ ತಗ್ಗಿಸಿ ಎಸೆಯುತ್ತಾರೆ, ತಗ್ಗಿದಷ್ಟೂ ಸಮಯ ಸಾಲದು, ಸಮಯ ಸಾಲದೆ ಇನ್ನೂ ಭಯ.

ಕ್ಲಾಡ್ ಶಾನನ್ ಹೆಸರು ಕೇಳಿರಬಹುದು. 1916ರಲ್ಲಿ ಹುಟ್ಟಿದ ಅಮೆರಿಕದ ಗಣಿತಜ್ಞ, ಇವತ್ತಿನ ಡಿಜಿಟಲ್ ಸಂಪರ್ಕಕ್ಕೆ ತಳಪಾಯ ಹಾಕಿದವರು. ಅವರು ಸ್ವತಃ ಜಗ್ಲಿಂಗ್ ಮಾಡುತ್ತಿದ್ದರು, ಜಗ್ಲಿಂಗ್ ಮಾಡುವ ಯಂತ್ರವನ್ನೂ ಕಟ್ಟಿದ್ದರು. ಅವರು ಬರೆದಿಟ್ಟ ಒಂದು ಸೂತ್ರ ಇದೆ. ಚೆಂಡು ಗಾಳಿಯಲ್ಲಿರುವ ಹೊತ್ತಿಗೆ ಅದು ಕೈಯಲ್ಲಿರುವ ಹೊತ್ತನ್ನು ಕೂಡಿಸಿ ಕೈಗಳ ಸಂಖ್ಯೆಯಿಂದ ಗುಣಿಸಿ. ಆಮೇಲೆ ಕೈ ಖಾಲಿ ಇರುವ ಹೊತ್ತಿಗೆ ಚೆಂಡು ಕೈಯಲ್ಲಿರುವ ಹೊತ್ತನ್ನು ಕೂಡಿಸಿ ಚೆಂಡುಗಳ ಸಂಖ್ಯೆಯಿಂದ ಗುಣಿಸಿ. ಎರಡೂ ಸಮ. ಚೆಂಡು ಪ್ರತಿ ಸಲ ಕೈಯಲ್ಲಿ ಮೂರನೇ ಒಂದು ಸೆಕೆಂಡು ಇರುತ್ತದೆ ಅಂತ ಇಟ್ಟುಕೊಂಡು ನಮ್ಮ 0.8 ಸೆಕೆಂಡನ್ನು ಇದರಲ್ಲಿ ಹಾಕಿದೆ. ಮೂರು ಚೆಂಡಿಗೆ ಒಂದೊಂದು ಕೈ ಮುಕ್ಕಾಲು ಸೆಕೆಂಡಿಗೊಮ್ಮೆ ಎಸೆದರೆ ಸಾಕು! ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಕೈ ಖಾಲಿ. ನಿಮ್ಮ ಬಲಗೈಯನ್ನು ಮುಕ್ಕಾಲು ಸೆಕೆಂಡಿಗೊಮ್ಮೆ ತೊಡೆ ಮೇಲೆ ತಟ್ಟಿ ನೋಡಿ. ಆರಾಮಾಗಿ ನಡೆಯುವ ಲಯ ಅದು. ಇದಕ್ಕೆ ಯಾವ ಚುರುಕು ಕೈಯೂ ಬೇಡ.

ಅಪ್ಪನಿಗೆ ಮೊದಲ ದಿನ ಒಂದೇ ಚೆಂಡು ಕೊಟ್ಟೆ. ಒಂದು ಕೈಯಿಂದ ಇನ್ನೊಂದಕ್ಕೆ, ಅಷ್ಟೇ. ಅವರು ಎಡಗೈಯಲ್ಲಿ ಬಂದದ್ದನ್ನು ಎಸೆಯದೆ ಹಾಗೇ ಬಲಗೈಗೆ ದಾಟಿಸುತ್ತಿದ್ದರು. ಇದು ಎಲ್ಲರೂ ಮಾಡುವ ತಪ್ಪು. ಬಲಗೈ ಜಾಸ್ತಿ ಬಳಸುವವರಿಗೆ ಎಡಗೈ ಬರೀ ಕೊಡುವ ಕೈ, ಎಸೆಯುವ ಕೈ ಅಲ್ಲ. ಹಾಗಾಗಿ ಎರಡನೇ ದಿನ ಎಲ್ಲವನ್ನೂ ಎಡಗೈಯಿಂದ ಶುರು ಮಾಡಿಸಿದೆ. ಮೊದಲು ಸಿಡಿಮಿಡಿಗೊಂಡರು. ಸಂಜೆಯ ಹೊತ್ತಿಗೆ ಕೈ ಪಳಗಿತ್ತು.

ಎಸೆತದಲ್ಲಿ ಗಮನಿಸಬೇಕಾದ್ದು ಒಂದಿದೆ. ಕೈ ಸುಮ್ನೆ ಮೇಲೆ ಕೆಳಗೆ ಆಡುವುದಲ್ಲ. ಚೆಂಡನ್ನು ಹಿಡಿಯುವುದು ಹೊರಗಡೆ, ಭುಜದ ನೇರಕ್ಕೆ. ಎಸೆಯುವುದು ಒಳಗಡೆ, ಹೊಕ್ಕುಳಿನ ಹತ್ತಿರದಿಂದ. ನಡುವೆ ಕೈ ಒಂದು ಬಟ್ಟಲಿನ ತಳದ ಹಾಗೆ ಬಾಗಿ ಬರುತ್ತದೆ. ಮೇಲೆ ಹೋಗುವ ಚೆಂಡು ಒಳಗಿನಿಂದ ಏರಿ, ಕೆಳಗೆ ಬರುವ ಚೆಂಡು ಹೊರಗಿನಿಂದ ಇಳಿದರೆ ಎರಡೂ ಢಿಕ್ಕಿ ಹೊಡೆಯುವುದಿಲ್ಲ. ಒಂದು ಚೆಂಡಿನ ದಾರಿಯನ್ನೇ ನೋಡುತ್ತಾ ಹೋದರೆ 8 ಅಂಕಿಯನ್ನು ಅಡ್ಡ ಮಲಗಿಸಿದ ಹಾಗೆ ಕಾಣುತ್ತದೆ. ಮೂರು ಚೆಂಡೂ ಅದೇ ದಾರಿಯಲ್ಲಿ ಒಂದರ ಹಿಂದೊಂದು ಓಡುತ್ತವೆ. ಈ ಮೂಲ ಆಟಕ್ಕೆ ಕ್ಯಾಸ್ಕೇಡ್ ಅನ್ನುತ್ತಾರೆ.

ಎರಡನೇ ಚೆಂಡನ್ನು ಯಾವಾಗ ಬಿಡಬೇಕು? ಮೊದಲನೆಯದು ತುತ್ತತುದಿ ಮುಟ್ಟಿದಾಗ. ಅಲ್ಲಿ ಅದು ಒಂದು ಗಳಿಗೆ ನಿಂತ ಹಾಗೆ ಕಾಣುತ್ತದೆ, ಗಮನಿಸಿ ನೋಡಿ. ಏರುವ ವೇಗವೆಲ್ಲ ಮುಗಿದು ಇಳಿಯುವುದು ಇನ್ನೂ ಶುರುವಾಗದ ಆ ಜಾಗ ನನಗೆ ಇಡೀ ಆಟದಲ್ಲೇ ಅತಿ ಇಷ್ಟ. ಕಣ್ಣು ಅಲ್ಲೇ ಇರಬೇಕು. ಕೈ ನೋಡಬೇಡಿ. ತಾನೆಲ್ಲಿದ್ದೇನೆ ಅಂತ ಕೈಗೆ ಗೊತ್ತು. ತುದಿಯಲ್ಲಿ ಚೆಂಡು ಎಲ್ಲಿದೆ ಅಂತ ಕಂಡರೆ ಸಾಕು, ಅದು ಎಲ್ಲಿಗೆ ಇಳಿಯುತ್ತದೆ ಅಂತ ಕಣ್ಣಳತೆಗೆ ಸಿಕ್ಕಿಬಿಡುತ್ತದೆ.

ಮಂಚದ ಪಕ್ಕ ನಿಲ್ಲಿಸಿದ್ದಕ್ಕೂ ಕಾರಣ ಇದೆ. ಚೆಂಡು ಮಂಡಿ ಎತ್ತರದಲ್ಲೇ ಸಿಗುತ್ತದೆ, ನೂರು ಸಲ ನೆಲಕ್ಕೆ ಬಗ್ಗುವುದು ತಪ್ಪುತ್ತದೆ. ಸೊಂಟ ನೋವಿನಿಂದಲೇ ಬಿಟ್ಟವರು ಎಷ್ಟೋ ಮಂದಿ. ಹಾಗೆಯೇ ಚೆಂಡು ಮುಂದಕ್ಕೆ ಹೋಗಿ, ಅದರ ಹಿಂದೆ ನೀವೂ ಹೆಜ್ಜೆ ಹಾಕುತ್ತಿದ್ದರೆ ಗೋಡೆಗೆ ಮುಖ ಮಾಡಿ ನಿಲ್ಲಿ. ಎರಡು ದಿನದಲ್ಲಿ ಸರಿಹೋಗುತ್ತದೆ. ಚೆಂಡು ಮಾತ್ರ ಪುಟಿಯುವುದು ಬೇಡ. ಒಳಗೆ ಕಾಳು ತುಂಬಿ ಹೊಲಿದ ಬಟ್ಟೆ ಚೆಂಡು ಒಳ್ಳೆಯದು. ಬಿದ್ದಲ್ಲೇ ಕೂರುತ್ತದೆ, ಅಂಗೈಯಲ್ಲೂ ಅಲ್ಲಾಡದೆ ನಿಲ್ಲುತ್ತದೆ.

"ಜಗ್ಲಿಂಗ್ ಮಾಡಿದರೆ ಮೆದುಳು ಬೆಳೆಯುತ್ತದೆ" ಅಂತ ಕೆಲವರು ಹಂಚಿಕೊಳ್ಳುತ್ತಿರುತ್ತಾರೆ. ಅದರ ಹಿಂದೆ ನಿಜವಾದ ಅಧ್ಯಯನ ಇದೆ. ಜರ್ಮನಿಯ ಸಂಶೋಧಕರು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. 12 ಜನರಿಗೆ ಮೂರು ತಿಂಗಳು ಮೂರು ಚೆಂಡಿನ ಅಭ್ಯಾಸ, ಇನ್ನೂ 12 ಜನರಿಗೆ ಏನೂ ಇಲ್ಲ. ಕಲಿತವರ ಮೆದುಳಿನಲ್ಲಿ ಚಲನೆಯನ್ನು ಗುರುತಿಸುವ ಭಾಗ ತುಸು ದಪ್ಪಗಾಗಿತ್ತು. 2008ರಲ್ಲಿ 60ರ ಆಸುಪಾಸಿನವರ ಮೇಲೆ ಮಾಡಿದ ಅಧ್ಯಯನದಲ್ಲೂ ಅಂಥದೇ ಬದಲಾವಣೆ ಕಂಡಿತು. ಅಪ್ಪನಿಗೆ ಇದನ್ನು ಓದಿ ಹೇಳಿದಾಗ ಮುಖ ಅರಳಿತು. ಆದರೆ ಈ ಸುದ್ದಿ ಹಂಚುವವರು ಅರ್ಧ ಬಿಟ್ಟುಬಿಡುತ್ತಾರೆ. 2004ರ ಆ 12 ಜನ ಅಭ್ಯಾಸ ನಿಲ್ಲಿಸಿ ಮೂರು ತಿಂಗಳಾದ ಮೇಲೆ ಮತ್ತೆ ನೋಡಿದರೆ, ಬೆಳೆದದ್ದರಲ್ಲಿ ಬಹಳಷ್ಟು ಇಳಿದುಹೋಗಿತ್ತು. ಇದೇ ಕಾರಣಕ್ಕೆ ನಾನು ಯಾರಿಗೂ "ಮೆದುಳಿಗೆ ಒಳ್ಳೆಯದು, ಮಾಡಿ" ಅಂತ ಹೇಳುವುದಿಲ್ಲ. ಔಷಧಿಯ ಹಾಗೆ ಮಾಡುವವರು ಬೇಗ ಬಿಡುತ್ತಾರೆ. ಚೆಂಡು ತುದಿಯಲ್ಲಿ ನಿಲ್ಲುವುದನ್ನು ನೋಡುವ ಆಸೆಗೆ ಮಾಡುವವರು ಬಿಡುವುದಿಲ್ಲ. ಈಜಿಪ್ಟಿನ ಬೆನಿ ಹಸನ್ ಎಂಬಲ್ಲಿ ಸುಮಾರು 4,000 ವರ್ಷ ಹಳೆಯ ಗೋರಿಯ ಗೋಡೆ ಮೇಲೆ ಹೆಂಗಸರು ಚೆಂಡು ಎಸೆದು ಆಡುವ ಚಿತ್ರ ಇದೆ. ಒಬ್ಬಳು ಕೈ ಅಡ್ಡಡ್ಡ ಹಾಕಿಕೊಂಡು ಆಡುತ್ತಿದ್ದಾಳೆ! ಅದು ಇವತ್ತಿಗೂ ಮೂರು ಚೆಂಡು ಕಲಿತ ಮೇಲೆಯೇ ಕೈಹಾಕುವ ಕಸರತ್ತು. ಆಕೆಗೆ ಯಾವ ಮೆದುಳಿನ ಸುದ್ದಿ ಗೊತ್ತಿತ್ತು?

ದಿನಕ್ಕೆ ಹತ್ತು ನಿಮಿಷ ಸಾಕು ಅನ್ನುವುದು ನನ್ನ ಅನುಭವ. ಒಂದೇ ದಿನ ಎರಡು ಗಂಟೆ ಹಠ ಹಿಡಿದು ಕೂತಾಗೆಲ್ಲ ತಪ್ಪೇ ಗಟ್ಟಿಯಾಯಿತು. ರಾತ್ರಿ ಬಾರದೆ ಬಿಟ್ಟದ್ದು ಬೆಳಿಗ್ಗೆ ಎದ್ದು ಎಸೆದರೆ ಸಲೀಸಾಗಿ ಬಂದದ್ದೂ ಇದೆ. ಸುಸ್ತಾದ ಕೈಗೆ ಕಲಿಸಬೇಡಿ.

ಇವತ್ತು ಬೆಳಿಗ್ಗೆ ಅಪ್ಪ ತಾವೇ ಮೂರನೇ ಚೆಂಡು ಕೇಳಿದರು. ಎರಡು ಬಲಗೈಯಲ್ಲಿ, ಒಂದು ಎಡಗೈಯಲ್ಲಿ. ಎರಡು ಚೆಂಡಿರುವ ಕೈಯಿಂದಲೇ ಶುರು ಅಂತ ಮಾತ್ರ ಹೇಳಿದೆ. ಮೊದಲ ಸಲ ಮೂರನೆಯದು ಕೈ ಬಿಟ್ಟು ಹೊರಡಲೇ ಇಲ್ಲ. ಬೆರಳು ಬಿಗಿದುಕೊಂಡಿದ್ದವು. "ಅಪ್ಪಾ, ಹಿಡೀಬೇಡಿ. ಮೂರೂ ಎಸೆದುಬಿಡಿ, ಅಷ್ಟೇ." ಅವರು ಭುಜ ಇಳಿಬಿಟ್ಟು ಒಮ್ಮೆ ಉಸಿರು ಬಿಟ್ಟರು. ಬಲ, ಎಡ, ಬಲ. ಮೂರೂ ಮೇಲೆ ಹೋದವು, ಒಂದಕ್ಕೊಂದು ತಾಗಲಿಲ್ಲ. ಅಪ್ಪ ಕೈ ಕಟ್ಟಿ ನಿಂತು ಕಿವಿಗೊಟ್ಟರು.

ಧಪ್. ಧಪ್. ಧಪ್.

"ಇನ್ನೊಂದು ಸಲ," ಅಂದರು.